ಪುಡಿ ಬಿಟ್ಟು ಬಾಟಲಿ ಕದ್ದವನು

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವಿಭಾಗದ ಮುಖ್ಯಸ್ಥೆ ಠಾಣೆಗೆ ದೂರು ತಂದರು. ಕಪಾಟಿನ ಬೀಗ ಒಡೆದಿತ್ತು. ಆರ್ಸೆನಿಕ್ ಇರುವ ಬಫರ್ ದ್ರಾವಣದ ಬಾಟಲಿಯೂ, ಒಬ್ಬ ಹುಡುಗಿಯ ಮೂತ್ರಪಿಂಡದಿಂದ ತೆಗೆದ ಚೂರುಗಳ ಶೀಶೆಯೂ ಕಾಣೆಯಾಗಿದ್ದವು. ಆ ಚೂರುಗಳನ್ನು ನೋಡದೆ ಹುಡುಗಿಯ ಚಿಕಿತ್ಸೆ ಮುಂದುವರಿಯುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೊರಟರು.

ಕೋಣೆಯ ಕೀಲಿ ಕಸ ಗುಡಿಸುವಾಕೆಯ ಬಳಿಯೂ ಇತ್ತು. ಬಡವರ ಮೇಲೆ ಅನುಮಾನಪಡಲು ಯಾರಿಗೂ ಹೊತ್ತು ಹಿಡಿಯುವುದಿಲ್ಲ. ಎಲ್ಲರೆದುರು ಆಕೆಯ ಚೀಲ ಸುರಿಸಿ, ಠಾಣೆಯ ಬೆಂಚಿನಲ್ಲಿ ಕೂರಿಸಿದರು. ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದ ಹಿರಿಯ ತಂತ್ರಜ್ಞ ಪಂಚನಾಮೆಗೆ ಸಹಿ ಹಾಕಿದ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತೆ ಕಪಾಟಿನ ಮುಂದೆ ನಿಂತರು.

“ಮೇಡಂ, ಈ ಡಬ್ಬೀಲಿ ಏನಿದೆ?”

“ಬಫರ್ ಮಾಡೋ ಪುಡಿ. ಆರ್ಸೆನಿಕ್ ಇರೋದೇ ಇದರಲ್ಲಿ.”

ವಿಷ ಬೇಕಾದವನು ಪುಡಿ ಬಿಟ್ಟು ಅದನ್ನು ಕರಗಿಸಿದ ನೀರು ಕದಿಯುತ್ತಾನೆಯೇ?

“ಬಫರ್ ಯಾತಕ್ಕೆ?”

“ಚೂರು ಕೆಡದಂತೆ ಇಡೋ ರಾಸಾಯನಿಕವನ್ನ ಇದರಲ್ಲೇ ಬೆರೆಸಬೇಕು. ಬರೀ ನೀರಲ್ಲಿ ಬೆರೆಸಿದ್ರೆ ಜೀವಕೋಶ ಉಬ್ಬಿ ಒಡೆದುಹೋಗುತ್ತೆ.”

“ಒಂದು ಚೂರೂ ಉಳಿದಿಲ್ವಾ?”

ಹಿಂದಿನ ದಿನ ಮುಖ್ಯಸ್ಥೆ ತಾವೇ ಕೊಯ್ದಿಟ್ಟ ಒಂದು ಚೂರು ಅವರ ಮೇಜಿನಲ್ಲಿತ್ತು. ಯಂತ್ರಕ್ಕಿಟ್ಟು ನೋಡಿದರು. ಜೀವಕೋಶಗಳೆಲ್ಲ ಒಡೆದಿದ್ದವು.

“ಇದನ್ನ ತಯಾರು ಮಾಡಿದ್ದು ಯಾರು?”

“ನನಗೆ ಕೆಲಸ ಕಲಿಸಿದವರು,” ಎಂದು ಮುಖ್ಯಸ್ಥೆ ಕಣ್ಣು ತಪ್ಪಿಸಿದರು.

ಕರೆಸಿ ಕೇಳಿದಾಗ ಮೇಷ್ಟ್ರು ಸುತ್ತುಬಳಸಿ ಮಾತಾಡಲಿಲ್ಲ. “ಬಾಟಲಿ ಖಾಲಿಯಾಗಿತ್ತು ಸಾರ್. ಹೊಸದು ಮಾಡಿ ಹದಕ್ಕೆ ತರೋಕೆ ಬೇಜಾರಾಯ್ತು, ಬಾಟಲಿಗೆ ಬರೀ ನೀರು ಹಾಕ್ಬಿಟ್ಟೆ. ಚೂರು ಕೆಟ್ಟಿದ್ದು ಸೋಮವಾರ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ. ನಿನ್ನೆ ರಾತ್ರಿ, ಕಳ್ಳತನ ಅನ್ನಿಸ್ಲಿ ಅಂತ ಬೀಗ ಒಡೆದು, ಎರಡನ್ನೂ ಎಸೆದೆ.”

“ಆಯಮ್ಮನ ಚೀಲ ಸುರಿಸುವಾಗ ಎಲ್ಲಿದ್ರಿ?”

“ಪಕ್ಕದಲ್ಲೇ ಇದ್ದೆ.”

ಇನ್‌ಸ್ಪೆಕ್ಟರ್‌ಗೂ ನಾಚಿಕೆಯಾಯಿತು, ಸುರಿಸಿದವರು ಅವರೇ ಅಲ್ಲವೇ. ಠಾಣೆಗೆ ಫೋನ್ ಮಾಡಿ, “ಅವರನ್ನ ಜೀಪಲ್ಲಿ ಮನೆಗೆ ಬಿಡಿ. ಸಂಜೆ ನಾನೇ ಹೋಗಿ ತಪ್ಪಾಯ್ತು ಅಂತೀನಿ,” ಎಂದರು.

ಸಂಜೆ ನಾಲ್ಕಕ್ಕೆ ಮೇಷ್ಟ್ರನ್ನು ಬಂಧಿಸಿ ಕರೆತರುವಾಗ ಹುಡುಗಿಯ ತಾಯಿ ಎದುರಾದಳು. “ಅಣ್ಣಾ, ಮಗಳ ರಿಪೋರ್ಟ್ ಬಂತಾ?”

ಕಾನ್‌ಸ್ಟೇಬಲ್ ಕೈ ಹಿಡಿದು ಎಳೆದ. ಮೇಷ್ಟ್ರು ಕದಲಲಿಲ್ಲ.

“ಇಲ್ಲಮ್ಮ. ನಾನು ಕೆಡಿಸ್ಬಿಟ್ಟೆ. ಮಗೂಗೆ ಇನ್ನೊಂದು ಸಲ ಸೂಜಿ ಚುಚ್ಚಿ ಚೂರು ತೆಗೀಬೇಕು.”

ಕೆಲಸ ಬಾರದವನು ಅನ್ನಿಸಿಕೊಳ್ಳುವ ನಾಚಿಕೆಗೆ ಅಂಜಿ ಆತ ಕಳ್ಳನಾಗಿದ್ದ. ಸೋಮವಾರವೇ ಆಡಬೇಕಿದ್ದದ್ದು ಇಷ್ಟೇ ಮಾತು.