ಘಾಟಿಲ್ಲದ ಮೆಣಸಿನಕಾಯಿ

“ಆ ಗಿಡಕ್ಕ ಕೈ ಹಚ್ಚಬ್ಯಾಡ ಬೇಟಾ,” ಎಂದು ಬಾಡಿಗೆ ಮನೆಯ ಒಡತಿ ಸಕೀನಾಬಿ ಅಂದಾಗ ಮಧು ನಕ್ಕುಬಿಟ್ಟ. ರಾಣೆಬೆನ್ನೂರಿನಲ್ಲಿ ಬೀಜದ ಧಂದೆ ಮಾಡಿದವನು. ಹೊಸ ಮೆಣಸಿನ ತಳಿಯೊಂದಕ್ಕೆ ತನ್ನ ಹೆಸರು ಬೀಳಬೇಕೆಂಬ ಹಟಕ್ಕೆ ಹೆಂಡತಿ ಗಂಗಾಳನ್ನೂ ಮಗಳು ನೀಲಾಳನ್ನೂ ಕಟ್ಟಿಕೊಂಡು ಬ್ಯಾಡಗಿ ಸೀಮೆಯ ಈ ಹಳ್ಳಿಗೆ ಬಂದಿದ್ದ.

ಮಾಟ ತಟ್ಟಿದವರಿಗೆ ಇಲ್ಲಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟೆದ್ದು ಕೆಮ್ಮು ಬಂದರೆ ಭಯವಿಲ್ಲ. ಬರದಿದ್ದರೆ ಒಳಗೇನೋ ಕೂತಿದೆ. ಆಗ ಇನ್ನೊಂದು ಹಿಡಿ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಚೆಲ್ಲಿ, ತಿರುಗಿ ನೋಡದೆ ಬರುತ್ತಾರೆ. ಅಲ್ಲಿ ಬಿದ್ದ ಬೀಜವೇ ಈ ಗಿಡವಾಗಿತ್ತು. ಆಡು ಕೂಡ ಅದನ್ನು ಮೂಸುತ್ತಿರಲಿಲ್ಲ. ಹಣ್ಣು ಮಾತ್ರ ಹೆಪ್ಪುಗಟ್ಟಿದ ನೆತ್ತರಿನ ಕೆಂಪು.

“ಮಂದಿ ಮೈಯಾಗಿಂದ ಇಳಿಸಿದ್ದೆಲ್ಲಾ ಅದರಾಗ ಐತಿ.”

“ಇದ್ದರ ಇರಲಿ ಬಿಡ್ರಿ ಚಾಚಿ, ಅವಕ್ಕೂ ಬಾಡಿಗಿ ಕೇಳತೇನಿ.”

ಹಣ್ಣೆಲ್ಲ ತಂದು ಪಡಸಾಲೆಯಲ್ಲಿ ಒಣಹಾಕಿದ. ಒಂದನ್ನು ಕೆಂಡಕ್ಕೆ ಹಿಡಿದ. ಘಾಟೇ ಇಲ್ಲ. ಹಿಗ್ಗಿದ. ಬಣ್ಣ ದಟ್ಟ, ಖಾರ ತೆಳು; ಪೇಟೆ ಬೇಡುವುದೇ ಅದನ್ನು. ಊರು ಹೆದರುವುದನ್ನೇ ಅವನು ಗೆಲುವೆಂದುಕೊಂಡ.

ಆ ವಾರವೇ ನೀಲಾ ಹಾಸಿಗೆ ಹಿಡಿದಳು. ಹಾವೇರಿಯ ಡಾಕ್ಟರಿಗೆ ರೋಗ ಸಿಗಲಿಲ್ಲ. ಮನೆ ತುಂಬ ಹಸಿ ಬೂದಿಯ ವಾಸನೆ. ಮಗುವಿನ ಬೆವರು ದಿಂಬಿಗೆ ಕೆಂಪಾಗಿ ಇಳಿಯಿತು.

ದೀಪ ಹಚ್ಚುವ ಹೊತ್ತಿಗೆ ಸಕೀನಾಬಿ ಕೆಂಡ ತಂದಳು. ಕಾಯಿ, ಬೀಜ ಎಲ್ಲವನ್ನೂ ಮಗುವಿಗೆ ನಿವಾಳಿಸಿ ಸುಡಬೇಕು, ಒಂದು ಬೀಜವೂ ಉಳಿಯಕೂಡದು ಎಂದಳು. ಮಧು ನಿವಾಳಿಸಿದ. ಕೆಂಡಕ್ಕೆ ಸುರಿದ. ಸುರಿಯುವಾಗ ಒಂದು ಚಿಟಿಕೆ ಬೀಜ ಅವನ ಕಿಸೆಗೆ ಇಳಿಯಿತು. ಅಷ್ಟು ಸಾಕು. ಅಷ್ಟರಿಂದಲೇ ಹೊಲ ತುಂಬುತ್ತದೆ.

ಭಗ್ಗನೆ ಘಾಟೆದ್ದಿತು. ಗಂಗಾ ಕೆಮ್ಮಿದಳು. ಸಕೀನಾಬಿ ಕೆಮ್ಮಿದಳು. ನೀಲಾ ಕೆಮ್ಮುತ್ತ ಎದ್ದು ಕೂತು ನೀರು ಕೇಳಿದಳು. ಗಂಗಾ ಅಳುತ್ತ ನಕ್ಕಳು.

“ಎಲ್ಲಾ ಹಾಕಿದೇನಪಾ?” ಎಂದಳು ಸಕೀನಾಬಿ.

“ಎಲ್ಲಾ ಹಾಕೇನ್ರಿ ಚಾಚಿ.”

ಕೆಮ್ಮು ನಿಂತಿತು. ಒಮ್ಮೆಗೇ. ಎಲ್ಲರದೂ. ಹೊಗೆ ಹಾಗೇ ಇತ್ತು, ದಟ್ಟವಾಗಿ. ಘಾಟಿಲ್ಲ. ನೀಲಾ ರೆಪ್ಪೆ ಮಿಟುಕಿಸದೆ ಹೊಗೆಯೊಳಗಿಂದ ಅಪ್ಪನನ್ನೇ ನೋಡುತ್ತಿದ್ದಳು.

“ಅಪ್ಪಾ, ನಿನ್ನ ಕಿಸೆದಾಗ ಯಾರೋ ಉಸಿರಾಡಾಕತ್ತಾರ.”

ಕಿಸೆಗೆ ಕೈ ಹಾಕಿದ. ಬೆಚ್ಚಗಿತ್ತು. ಕಿಸೆಯನ್ನೇ ಹರಿದು ಕೆಂಡಕ್ಕೆಸೆದ. ಬೀಜ ಚಟಚಟ ಸಿಡಿಯಿತು. ಬಾಗಿ ಮೂಸಿದ. ಏನೂ ಇಲ್ಲ. ಮಗಳ ಮುಖವನ್ನು ಹೊಗೆಯ ಕಡೆಗೆ ತಿರುಗಿಸಿ ಹಿಡಿದ.

“ಕೆಮ್ಮವ್ವಾ,” ಎಂದ. “ಒಮ್ಮೆ ಕೆಮ್ಮು, ನನ್ನವ್ವಾ.”

ಅವಳು ಆ ಹೊಗೆಯನ್ನು ನಿಧಾನವಾಗಿ, ಎದೆತುಂಬ ಎಳೆದುಕೊಂಡಳು.