ಹತ್ತಿರದ ಫೋನುಗಳು

ಇದನ್ನ ಇನ್ನೂ ಅಮ್ಮನ ಕಿವಿಗೆ ಹಾಕಿಲ್ಲ.

ಅಕ್ಕ ಕಲ್ಲು ಕ್ವಾರಿಯ ನೀರಿಗೆ ಕಾಲು ಜಾರಿ ಬಿದ್ದಳು ಅಂದವರು ಬಾವ. ಜೊತೆಗಿದ್ದವರು ಅವರೊಬ್ಬರೇ. ಹೆಣ ಸಿಕ್ಕಿತು, ಅವಳ ಫೋನು ಸಿಗಲಿಲ್ಲ.

ಆಮೇಲೊಂದು ಮಧ್ಯಾಹ್ನ ಅವಳ ಫೋಟೋ ಕೊಡ್ತೀನಿ ಅಂತ ಬಾವ ಮನೆಗೆ ಬಂದರು. ನಮ್ಮಿಬ್ಬರ ಫೋನು ಬೇರೆ ಬೇರೆ ಕಂಪನಿಯವು. ಈಗ ಅವೂ ವೈರಿಲ್ಲದೆ ಒಂದಕ್ಕೊಂದು ಫೈಲ್ ಕಳಿಸುತ್ತವೆ, ಒಂದೇ ಕೋಣೆಯಲ್ಲಿರಬೇಕು ಅಷ್ಟೆ. ನನ್ನ ಫೋನಿನಲ್ಲಿ ಅದನ್ನ ತೆರೆದರೆ, ‘ಹತ್ತಿರದ ಫೋನುಗಳು’ ಅಂತ ಪಟ್ಟಿಯಲ್ಲಿ ಎರಡು ಹೆಸರು. ಒಂದು ಬಾವನದು. ಇನ್ನೊಂದು ‘ಗುಬ್ಬಿ’. ಅಕ್ಕನ ಫೋನಿಗೆ ಆ ಹೆಸರಿಟ್ಟವಳು ನಾನೇ.

ಬಾವ ತಮ್ಮ ಫೋನನ್ನ ಮೇಜಿನ ಮೇಲೆ ಬಿಟ್ಟು ತಲೆನೋವಿನ ಮಾತ್ರೆ ತರಲು ಬೀದಿ ಕೊನೆಯ ಅಂಗಡಿಗೆ ಹೋದರು. ಪಟ್ಟಿಯಲ್ಲಿ ಅವರ ಫೋನಿನ ಹೆಸರು ಹಾಗೇ ಇತ್ತು, ಗುಬ್ಬಿ ಹೋಯಿತು. ಅವರು ವಾಪಸ್ ಹೊಸಿಲು ದಾಟಿದ್ದೇ ತಡ, ಗುಬ್ಬಿ ಬಂತು. ಜೊತೆಗೆ ಪಾಚಿ ನೀರಿನ ವಾಸನೆ. ಕಾಲಡಿಯ ನೆಲ ಕೊರೆಯುವಷ್ಟು ತಣ್ಣಗಾಯಿತು.

“ಫೋಟೋ ಬಂತಾ?” ಅಂದರು.

“ಬಂತು ಬಾವ.”

ಸಂಜೆ ಊರಾಚೆಯ ತಮ್ಮ ಮನೆಯಿಂದ ಫೋನ್ ಮಾಡಿದರು. “ಯಾವುದೋ ಫೈಲ್ ಬರ್ತಿದೆ, ತಗೊಳ್ಳಲಾ ಅಂತ ಕೇಳ್ತಿದೆ. ಯಾರದು ಅಂತ ತೋರಿಸ್ತಿಲ್ಲ. ನೀನಾ ಕಳಿಸ್ತಿರೋದು?”

ಕಳಿಸುವವರು ಅದೇ ಕೋಣೆಯಲ್ಲಿರಬೇಕು. ಅದು ಅವರಿಗೆ ಹೊಳೆದಿರಲಿಲ್ಲ.

“ಹೌದು ಬಾವ, ನಾನೇ,” ಅಂದೆ. “ತಗೊಳ್ಳಿ.”