ಮೂರು ಭಾನುವಾರ

ದುಬೈ ಸಿಲಿಕಾನ್ ಓಯಸಿಸ್‌ನ ಆ ಸಣ್ಣ ಆಫೀಸಿಗೆ ಸೇರಿದ ಹದಿನೈದೇ ದಿನಕ್ಕೆ ಶ್ರವಣ್, ಸತ್ತು ಇನ್ನೂರು ವರ್ಷವಾದ ಸ್ಕಾಟ್ಲೆಂಡಿನ ರೈತನೊಬ್ಬನಿಗೆ ಇಬ್ಬರು ಹೆಂಡಿರನ್ನು ಕಟ್ಟಿಬಿಟ್ಟಿದ್ದ.

ತಪ್ಪು ಹಿಡಿದವಳು ಎದುರು ಮೇಜಿನ ಜೂಡಿತ್ ಪಾಯ್ಸ್, ಮಂಗಳೂರಿನ ಬೊಂದೆಲ್‌ನವಳು. ಊರು ಬಿಟ್ಟ ಸ್ಕಾಟಿಷ್ ಕುಟುಂಬಗಳಿಗೆ ಅವರ ಅಜ್ಜ ಮುತ್ತಜ್ಜಂದಿರನ್ನು ಹುಡುಕಿ ಕೊಡುವ ಆಫೀಸು ಅದು. ಹಳೆಯ ಚರ್ಚುಗಳ ರಿಜಿಸ್ಟರ್ ಓದುವುದು ಜೂಡಿತ್‌ಳ ಕೆಲಸ. ಅದನ್ನು ಜನಗಣತಿಯ ಪುಟಗಳ ಜೊತೆ ಹೊಂದಿಸಿ ವಂಶವೃಕ್ಷ ಬರೆಯುವುದು ಶ್ರವಣ್‌ನದು.

"ಇದೆಂತ ಮಾರಾಯ್ರೆ? ಪಾಪದವನಿಗೆ ಒಂದೇ ತಿಂಗಳಲ್ಲಿ ಎರಡು ಮದುವೆ ಮಾಡಿಸಿದ್ದೀರಿ."

"ಎರಡು ಊರಿನ ಚರ್ಚಲ್ಲಿ ಬರೆದದ್ದುಂಟಲ್ಲ?"

"ಒಂದು ಹುಡುಗನ ಚರ್ಚು, ಒಂದು ಹುಡುಗಿಯದ್ದು. ಹುಡುಗಿ ಒಬ್ಬಳೇ. ಅದು ಮದುವೆ ಅಲ್ಲ, ಬ್ಯಾನ್ಸ್. ನಮ್ಮಲ್ಲೂ ಉಂಟು. ಮದುವೆಗೆ ಮುಂಚೆ ಮೂರು ಭಾನುವಾರ ಎರಡೂ ಕಡೆ ಹೆಸರು ಓದ್ತಾರೆ. ಯಾರಿಗಾದ್ರೂ ಅಡ್ಡಿ ಇದ್ರೆ ಅಷ್ಟರೊಳಗೆ ಹೇಳ್ಬೇಕು."

"ಹೇಳದಿದ್ರೆ?"

"ಖಲಾಸ್."

ಹಾಗೆಂದು ಅವಳು ಕನ್ನಡಕದ ಮೇಲಿನಿಂದ ನೋಡಿ ನಕ್ಕಳು. ಆ ಒಂದು ನೋಟಕ್ಕಾಗಿ ಶ್ರವಣ್ ಆಮೇಲೆ ಬೇಕೆಂದೇ ಎಷ್ಟೋ ತಪ್ಪು ಮಾಡಿದ.

ಒಂದೂವರೆ ವರ್ಷ ಹೀಗೇ ಕಳೆಯಿತು. ೧೮೪೧ರ ಜನಗಣತಿಯಲ್ಲಿ ಎಂಟು ಮಕ್ಕಳಿದ್ದ ಮನೆಯಲ್ಲಿ ೧೮೫೧ಕ್ಕೆ ಮೂವರೇ ಉಳಿದಿದ್ದರೆ ಜೂಡಿತ್ ಆ ದಿನವಿಡೀ ಸಪ್ಪಗಿರುತ್ತಿದ್ದಳು. ಸಮಾಧಾನ ಮಾಡಬೇಕೆಂದು ಶ್ರವಣ್‌ನ ಜೀವ ಹಾತೊರೆಯುತ್ತಿತ್ತು. ಆದರೆ ಅವಳು ಕ್ರಿಶ್ಚಿಯನ್, ಅವನು ಕಾಪುವಿನ ಹಿಂದೂ ಮನೆಯವನು, ಅಲ್ಲಿ ಅಮ್ಮ ಲೋಲಾಕ್ಷಿಯ ವ್ರತ ನೇಮ. ಬಾಯಿಗೆ ಬಂದ ಮಾತನ್ನು ಪ್ರತಿ ಸಲವೂ ನುಂಗಿಕೊಂಡ.

೨೦೧೪ರ ನವೆಂಬರಿನ ಒಂದು ಗುರುವಾರ ಸಂಜೆ. ಹೊರಗೆ ಧೂಳು ಎದ್ದಿತ್ತು. ಅಲ್ ನಹ್ದಾ ಕಡೆಗೆ ಹೋಗುವ ಕಂಪೆನಿ ಬಸ್ಸಿಗೆ ಇಬ್ಬರೂ ಕಾಯುತ್ತಿದ್ದರು.

"ಬರುವ ಭಾನುವಾರದಿಂದ ಊರ ಚರ್ಚಲ್ಲಿ ನನ್ನ ಹೆಸರು ಓದ್ತಾರೆ," ಎಂದಳು ಜೂಡಿತ್. "ಹುಡುಗ ನೆಲ್ಸನ್ ಅಂತ. ಅಬುಧಾಬಿಯಲ್ಲಿ, ಖಾಲಿದಿಯಾದಲ್ಲಿ ಕೆಲಸ. ಅಮ್ಮ ನೋಡಿದ್ದು."

ಶ್ರವಣ್ ಬಸ್ಸು ಬರುವ ದಾರಿಯತ್ತ ತಿರುಗಿದ.

"ಮೂರು ಭಾನುವಾರ," ಎಂದಳು ಅವಳು, ಅವನ ಮುಖವನ್ನೇ ನೋಡುತ್ತ.

"ಕಂಗ್ರಾಟ್ಸ್," ಎಂದ ಶ್ರವಣ್. ಎಲ್ಲ ನಿಶ್ಚಯವಾದ ಮೇಲೆ ತನಗೆ ತಿಳಿಸುತ್ತಿದ್ದಾಳೆ ಎಂದೇ ಅವನು ತಿಳಿದ.

ಇಲ್ಲಿ ಭಾನುವಾರ ಎಂದರೆ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ ಎಂಟಕ್ಕೆ ಅವರು ಕಂಪ್ಯೂಟರ್ ತೆರೆಯುವಾಗ ಬೊಂದೆಲ್‌ನ ಚರ್ಚಿನಲ್ಲಿ ಒಂಬತ್ತೂವರೆಯ ಪೂಜೆ ಶುರುವಾಗುತ್ತಿತ್ತು. ಮೊದಲ ಭಾನುವಾರ ಜೂಡಿತ್ ಅವನ ಮೇಜಿನ ಬಳಿ ಬಂದು, ರಿಜಿಸ್ಟರಿನಲ್ಲಿ ತಾನೇ ಓದಬಲ್ಲ ಹೆಸರೊಂದನ್ನು ತೋರಿಸಿ ಏನೆಂದು ಕೇಳಿದಳು. ಮದುವೆ ನಿಶ್ಚಯವಾದ ಹುಡುಗಿ, ಸಲಿಗೆ ಬೇಡವೆಂದು ಅವನು ತುಟಿ ಎರಡು ಮಾಡದೆ ಪುಟ ತೋರಿಸಿದ. ಎರಡನೆಯ ಭಾನುವಾರ ಚಹಾ ತಂದಿಟ್ಟಳು.

"ಎಂತಾದ್ರೂ ಹೇಳ್ಲಿಕ್ಕುಂಟಾ?"

"ಇಲ್ಲ. ಪೇಜ್ ಕ್ಲಿಯರ್ ಉಂಟು."

ಮೂರನೆಯ ಭಾನುವಾರ ಹತ್ತರ ಹೊತ್ತಿಗೆ ಅವಳ ಫೋನು ಸಣ್ಣಗೆ ಸದ್ದು ಮಾಡಿತು.

"ಓದಿ ಆಯ್ತಂತೆ, ಅಮ್ಮನ ಮೆಸೇಜು," ಎಂದಳು. "ಯಾರೂ ಎಂತದೂ ಹೇಳ್ಲಿಲ್ಲಂತೆ."

"ಯಾರು ಹೇಳ್ಬೇಕಿತ್ತು?"

ಅವಳ ಕಣ್ಣು ತುಂಬಿತು. "ಮೂರು ಭಾನುವಾರ ಅಂತ ನಿಮಗೆ ಯಾಕೆ ಹೇಳಿದ್ದು ನಾನು?"

ಶ್ರವಣ್‌ಗೆ ಆಗ ಅರ್ಥವಾಯಿತು.

"ನೀವೇ ಬೇಡ ಅನ್ನಬಹುದಿತ್ತಲ್ಲ?"

"ಯಾಕೆ ಬೇಡ ಅಂತ ಅಮ್ಮ ಕೇಳಿದ್ರೆ ಎಂತ ಹೇಳ್ಲಿ? ನಿಮ್ಮ ಬಾಯಿಂದ ಒಂದು ಮಾತು ಬಂದಿದ್ರೆ ಅದನ್ನು ಹಿಡ್ಕೊಂಡು ನಿಲ್ತಿದ್ದೆ."

"ನಿಮ್ಮನ್ನು ಪ್ರೀತಿಸ್ತೇನೆ ಜೂಡಿತ್. ಬಂದ ದಿವಸದಿಂದ."

ಅವಳು ಕಣ್ಣು ಮುಚ್ಚಿದಳು. "ಇನ್ನೊಮ್ಮೆ ಹೇಳಿ."

ಅವನು ಹೇಳಿದ.

"ನೆಲ್ಸನ್ ಒಳ್ಳೆಯವರು," ಎಂದಳು ಕೊನೆಗೆ. "ಮೊನ್ನೆ ಶುಕ್ರವಾರ ಅಬುಧಾಬಿಯಿಂದ ಬಸ್ಸಲ್ಲಿ ಬಂದು ಸೀರೆ ತೆಗೆಸಿಕೊಟ್ರು. ಈಗ ಊರಿಡೀ ಗೊತ್ತಾಗಿದೆ. ಅವರಿಗೆ ನಾಚಿಕೆ ಆಗುವ ಹಾಗೆ ಮಾಡ್ಲಿಕ್ಕೆ ನನ್ನಿಂದ ಆಗೋದಿಲ್ಲ."

"ಹಾಗಾದ್ರೆ ನಾನು ಹೇಳಿದ್ದು ದಂಡ."

"ದಂಡ ಅಲ್ಲ. ಇಲ್ಲದಿದ್ರೆ ನನಗೊಬ್ಬಳಿಗೇ ಹಾಗೆ ಅನಿಸಿದ್ದು ಅಂತ ಸಾಯುವವರೆಗೆ ಅಂದ್ಕೊಳ್ತಿದ್ದೆ."

ಅವಳು ತನ್ನ ಮೇಜಿಗೆ ಹೋದಳು. ಸಂಜೆಯವರೆಗೆ ಇಬ್ಬರೂ ಎದುರೆದುರು ಕೂತು ಕೆಲಸ ಮಾಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ.